ಯೊಹಾನ್ನೆಸ್ ಮ್ಯೂಲರನೂ ಕಡಲಸೌತೆಯೊಳಗಿನ ಶಂಖವೂ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಮಣ್ಣನ್ನು ತುಳಿದು ಬೆಳೆದವನು ನಾನು. ಹುಟ್ಟಿದೂರು ಆಳಂದದ ಕಡೆಗೆ. ತಾಯಿಯ ತವರು ಅಫಜಲಪುರ ತಾಲೂಕಿನಲ್ಲಿ, ಭೀಮೆಯ ದಂಡೆಯ ಮೇಲೆ. ಅಕ್ಕನನ್ನು ಕೊಟ್ಟಿರುವುದು ಜೇವರ್ಗಿಯ ಕಡೆಗೆ. ಈ ಮೂರರಲ್ಲಿ ಎಲ್ಲಿಯೂ ಕಡಲಿಲ್ಲ. ಜೋಳ ತೊಗರಿಗಳ ಕರಿಯ ಹೊಲವೇ ನಮಗೆ ಕಡಲು. ಇಂತಹ ಊರಿನವನು, ಅದರಲ್ಲಿಯೂ ಕಲಾ ವಿಭಾಗದ ವಿದ್ಯಾರ್ಥಿಯು, ಸಮುದ್ರದ ಸಣ್ಣ ಶಂಖದ ಹುಳುಗಳ ವರ್ಗೀಕರಣದ ಮಾತನ್ನು ಎತ್ತಿಕೊಂಡುದೇಕೆ ಎಂದು ಸಹಪಾಠಿಗಳು ನಗಬಹುದು. ಗುರುಗಳು ಹುಬ್ಬೇರಿಸಲೂಬಹುದು. ನನ್ನ ಉತ್ತರವು ಲೇಖನದ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ತಾಳ್ಮೆಯಿಂದಿರಬೇಕೆಂದು ಬೇಡಿಕೊಳ್ಳುತ್ತೇನೆ.

ನಮ್ಮ ಹೊಲಗಳಲ್ಲಿ ಒಂದು ಕಳೆಯುಂಟು. ಶಾಸ್ತ್ರಜ್ಞರು ಅದನ್ನು ಸ್ಟ್ರೈಗಾ ಎನ್ನುತ್ತಾರೆ. ಅದರ ಬೀಜವು ನೆಲದಡಿಯಲ್ಲಿ ಮೊಳೆತು ಜೋಳದ ಬೇರಿಗೆ ಬಾಯಿ ಹಚ್ಚುತ್ತದೆ. ಮೇಲೆ ಏನೂ ಕಾಣುವುದಿಲ್ಲ. ಜೋಳ ಮಾತ್ರ ಸೊರಗುತ್ತದೆ. ಒಕ್ಕಲಿಗನು ಮಳೆಯನ್ನು ಬಯ್ಯುತ್ತಾನೆ, ಮಣ್ಣನ್ನು ಬಯ್ಯುತ್ತಾನೆ, ತನ್ನ ಹಣೆಬರಹವನ್ನು ಬಯ್ಯುತ್ತಾನೆ. ಕೆಲವು ವಾರಗಳ ಮೇಲೆ ಕಳೆಯು ತಲೆಯೆತ್ತಿ ಸಣ್ಣ ಹೂ ಬಿಟ್ಟಾಗ ಕಳ್ಳನ ಗುರುತು ಹತ್ತುತ್ತದೆ. ಒಂದು ಜೀವವು ಇನ್ನೊಂದರೊಳಗೆ ಸೇರಿಕೊಂಡರೆ ಅದರ ಕುಲವನ್ನು ತಿಳಿಯುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಡ. ಇಂತಹುದೇ ಒಂದು ಗುರುತು ಹತ್ತದ ಜೀವವನ್ನು ಕಂಡು ದಿಗ್ಭ್ರಾಂತನಾದ ಮಹಾವಿದ್ವಾಂಸನೊಬ್ಬನ ಚರಿತ್ರೆಯನ್ನು, ನಮ್ಮ ಗ್ರಂಥಾಲಯದ ಹಳೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಜೀವಶಾಸ್ತ್ರದ ಇತಿಹಾಸವೊಂದರಲ್ಲಿ ಮೊದಲು ಓದಿದೆನು. ಆತನೇ ಜರ್ಮನಿಯ ಯೊಹಾನ್ನೆಸ್ ಪೀಟರ್ ಮ್ಯೂಲರ್.

ಮ್ಯೂಲರನು ಜನಿಸಿದುದು 1801ನೆಯ ಇಸವಿ ಜುಲೈ 14ರಂದು, ಕೊಬ್ಲೆಂಟ್ಸ್ ಎಂಬ ಊರಿನಲ್ಲಿ. ರೈನ್ ನದಿಗೆ ಮೊಸೆಲ್ ನದಿಯು ಬಂದು ಕೂಡುವ ಸಂಗಮಸ್ಥಾನವದು. ಭೀಮಾ ಅಮರ್ಜೆಯರ ಸಂಗಮವಾದ ನಮ್ಮ ಗಾಣಗಾಪುರವನ್ನು ಬಲ್ಲವರಿಗೆ ಆ ಊರಿನ ಚಿತ್ರವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಆಗ ಆ ಪ್ರದೇಶವು ಫ್ರೆಂಚರ ಕೈಯಲ್ಲಿದ್ದಿತು; ನೆಪೋಲಿಯನ್ನನ ಪತನವಾದ ಬಳಿಕ ಪ್ರಷ್ಯದ ಪಾಲಿಗೆ ಬಂದಿತು. ತಂದೆಯು ಚಪ್ಪಲಿ ಬೂಟುಗಳನ್ನು ಹೊಲಿಯುವ ಕಸುಬಿನವನು. ಮನೆಯಲ್ಲಿ ಸಿರಿತನವಿರಲಿಲ್ಲ. ಆದರೆ ಹುಡುಗನ ಬುದ್ಧಿಯ ಚುರುಕು ಅಧಿಕಾರಿಗಳ ಕಣ್ಣಿಗೆ ಬಿದ್ದು ಅವನ ಓದು ಸಾಗಿತು. ಎಳೆತನದಲ್ಲಿ ಅವನಿಗೆ ಕ್ಯಾಥೊಲಿಕ್ ಪಾದ್ರಿಯಾಗಬೇಕೆಂಬ ಹಂಬಲವಿದ್ದಿತು. 1819ರಲ್ಲಿ ಹೊಸದಾಗಿ ತೆರೆದಿದ್ದ ಬಾನ್ ವಿಶ್ವವಿದ್ಯಾಲಯವನ್ನು ಸೇರುವ ಹೊತ್ತಿಗೆ ಮನಸ್ಸು ತಿರುಗಿ ವೈದ್ಯಶಾಸ್ತ್ರವನ್ನು ಹಿಡಿದನು. ಮೂರು ವರ್ಷಗಳಲ್ಲಿ, 1822ರಲ್ಲಿ, ಡಾಕ್ಟರ್ ಪದವಿ ದೊರೆಯಿತು.

ಅಲ್ಲಿಂದ ಆತನು ಬರ್ಲಿನ್ನಿಗೆ ಹೋಗಿ ಕಾರ್ಲ್ ರುಡೊಲ್ಫಿ ಎಂಬ ಪ್ರಾಧ್ಯಾಪಕನ ಶಿಷ್ಯನಾದನು. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಈ ರುಡೊಲ್ಫಿಯು ಪ್ರಾಣಿಗಳ ಹೊಟ್ಟೆಯೊಳಗಿನ ಹುಳುಗಳನ್ನು ಹುಡುಕಿ, ಅವುಗಳಿಗೆ ಹೆಸರಿಟ್ಟು, ಕುಲಗೋತ್ರಗಳನ್ನು ನಿಶ್ಚಯಿಸಿ ಗ್ರಂಥ ಬರೆದ ಪರೋಪಜೀವಿ ಶಾಸ್ತ್ರದ ಹಿರಿಯನು. ಆ ಕಾಲದ ಜರ್ಮನಿಯಲ್ಲಿ ನಿಸರ್ಗದ ವಿಷಯವಾಗಿ ಕಣ್ಣು ಮುಚ್ಚಿಕೊಂಡು ತತ್ತ್ವ ಹೆಣೆಯುವ ಚಾಳಿ ಬಲವಾಗಿದ್ದಿತು. ತರುಣ ಮ್ಯೂಲರನಿಗೂ ಅದರ ಗಾಳಿ ತಾಗಿದ್ದಿತು. ಕಣ್ಣು ತೆರೆದು ನೋಡುವುದನ್ನು, ನೋಡಿದಷ್ಟನ್ನೇ ಹೇಳುವುದನ್ನು ಅವನಿಗೆ ಕಲಿಸಿದವನು ರುಡೊಲ್ಫಿ. ಮುಂದೆ ಇದೇ ಶಿಸ್ತು ಅವನನ್ನು ಒಂದು ಕಠಿನ ಪರೀಕ್ಷೆಗೆ ಒಡ್ಡಲಿದ್ದಿತು.

ಬಾನ್‌ಗೆ ಮರಳಿದ ಮ್ಯೂಲರನು ಪಾಠ ಹೇಳುತ್ತ ತನ್ನ ಮೇಲೆಯೇ ಪ್ರಯೋಗಗಳನ್ನು ಮಾಡಿಕೊಳ್ಳತೊಡಗಿದನು. ಕತ್ತಲಲ್ಲಿ ಕಣ್ಣು ಮುಚ್ಚಿ ಕುಳಿತಾಗ ರೆಪ್ಪೆಯ ಹಿಂದೆ ಮೂಡುವ ಬಣ್ಣಗಳೇನು, ಆಕೃತಿಗಳೇನು ಎಂದು ಗಂಟೆಗಟ್ಟಲೆ ಕಾಯುತ್ತಿದ್ದನು. 1826ರಲ್ಲಿ ದೃಷ್ಟಿಯನ್ನು ಕುರಿತು ಎರಡು ಪುಸ್ತಕಗಳು ಹೊರಬಂದವು. ಅವುಗಳಿಂದ ಬೆಳೆದುಬಂದ ನಿಯಮವು ಇಂದಿಗೂ ಅವನ ಹೆಸರಿನಲ್ಲಿದೆ. ವಾಚಕರು ಈಗಲೇ ಪರೀಕ್ಷಿಸಬಹುದು. ಕಣ್ಣು ಮುಚ್ಚಿ ರೆಪ್ಪೆಯ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಬೆಳಕಿನ ಉಂಗುರವೊಂದು ಕಾಣುತ್ತದೆ. ಬೆರಳಿನಲ್ಲಿ ಬೆಳಕೆಲ್ಲಿಯದು? ಕಣ್ಣಿನ ನರವನ್ನು ಯಾವುದು ಕೆಣಕಿದರೂ ಅದು ಬೆಳಕಿನ ಭಾಷೆಯಲ್ಲಿಯೇ ಉತ್ತರ ಕೊಡುತ್ತದೆ. ಕಿವಿಯ ನರವು ಶಬ್ದದ ಭಾಷೆಯಲ್ಲಿ. ನಾವು ಅರಿಯುವುದು ಹೊರಗಿನ ವಸ್ತುವನ್ನು ನೇರವಾಗಿ ಅಲ್ಲ, ನಮ್ಮ ನರಗಳ ಸ್ಥಿತಿಯನ್ನು ಎಂಬುದು ಇದರ ತಾತ್ಪರ್ಯ. ಆದರೆ ಈ ಸಾಧನೆಗೆ ತೆತ್ತ ಬೆಲೆ ದೊಡ್ಡದಾಯಿತು. 1827ರಲ್ಲಿ ಆತನು ಮದುವೆಯಾದನು. ಅದೇ ವರ್ಷ ಮನಸ್ಸೂ ದೇಹವೂ ಕುಸಿದು ಕೆಲವು ಕಾಲ ಕೆಲಸವನ್ನೇ ಬಿಡಬೇಕಾಯಿತು. ಆ ನೆರಳು ಜೀವಮಾನದಲ್ಲಿ ಮತ್ತೆ ಮತ್ತೆ ಬೀಳುತ್ತಿದ್ದಿತು.

ಚೇತರಿಸಿಕೊಂಡ ಮ್ಯೂಲರನು 1830ರಲ್ಲಿ ಪೂರ್ಣ ಪ್ರಾಧ್ಯಾಪಕನಾದನು. ಭ್ರೂಣದಲ್ಲಿ ಗರ್ಭಕೋಶವು ಬೆಳೆದುಬರುವ ನಾಳವನ್ನು ಆತನು ವಿವರಿಸಿದ್ದರಿಂದ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಅದನ್ನು ಮ್ಯೂಲರನ ನಾಳವೆಂದೇ ಓದುತ್ತಾರೆ. 1832ರಲ್ಲಿ ರುಡೊಲ್ಫಿಯು ತೀರಿಕೊಂಡಾಗ, ಚಪ್ಪಲಿ ಹೊಲಿಯುವವನ ಮಗನು ಪ್ರಷ್ಯದ ಮಂತ್ರಿಗೆ ನೇರವಾಗಿ ಪತ್ರ ಬರೆದು ಬರ್ಲಿನ್ನಿನ ಆ ಪೀಠಕ್ಕೆ ತಾನೇ ತಕ್ಕವನೆಂದು ತಿಳಿಸಿದನು. ಧಾರ್ಷ್ಟ್ಯವೆನ್ನಬಹುದು. ಆದರೆ 1833ರಲ್ಲಿ ಪೀಠವು ಅವನಿಗೇ ದೊರೆಯಿತು. ಅದೇ ವರ್ಷದಿಂದ 1840ರವರೆಗೆ ಭಾಗಭಾಗವಾಗಿ ಹೊರಬಂದ ಅವನ ಮಾನವ ಶರೀರಕ್ರಿಯಾಶಾಸ್ತ್ರದ ಕೈಪಿಡಿಯು ಯುರೋಪಿನ ವೈದ್ಯಶಾಲೆಗಳಲ್ಲೆಲ್ಲ ಓದಲ್ಪಟ್ಟಿತು.

ಗುರುವಿನ ಹಿರಿಮೆಯನ್ನು ಶಿಷ್ಯರಿಂದ ಅಳೆಯುವುದಾದರೆ ಮ್ಯೂಲರನಿಗೆ ಸಮಾನರು ವಿರಳ. ಪ್ರಾಣಿದೇಹವೆಲ್ಲ ಕೋಶಗಳಿಂದ ಆದುದೆಂದು 1839ರಲ್ಲಿ ಸಾರಿದ ಶ್ವಾನ್, ರೋಗಶಾಸ್ತ್ರಕ್ಕೆ ಕೋಶದ ತಳಹದಿ ಹಾಕಿದ ವಿರ್ಚೋ, ಅಂಗಾಂಶಗಳನ್ನು ಬಿಡಿಸಿ ತೋರಿಸಿದ ಹೆನ್ಲೆ, ನರಗಳ ವಿದ್ಯುತ್ತನ್ನು ಅಳೆದ ದ್ಯುಬ್ವಾ ರೇಮೋಂ, ಭೌತಶಾಸ್ತ್ರದಲ್ಲಿಯೂ ಹೆಸರಾದ ಹೆಲ್ಮ್‌ಹೋಲ್ಟ್ಸ್, ಕೊನೆಯ ದಿನಗಳಲ್ಲಿ ಬಂದ ಹೆಕೆಲ್ ಇವರೆಲ್ಲರೂ ಅವನ ಶಿಷ್ಯರು. ಜೀವಕ್ಕೆ ಭೌತ ರಸಾಯನಗಳ ಆಚೆಗಿನ ಒಂದು ಪ್ರಾಣಶಕ್ತಿಯುಂಟೆಂದು ಗುರುವು ನಂಬಿದ್ದನು. ಮುಖ್ಯ ಶಿಷ್ಯರು ಆ ನಂಬಿಕೆಯನ್ನು ಕೈಬಿಟ್ಟರು. ನರದಲ್ಲಿ ಸಂವೇದನೆಯು ಹರಿಯುವ ವೇಗವನ್ನು ಅಳೆಯಲಾಗದೆಂದು ಗುರುವು ಬರೆದಿದ್ದನು. 1850ರಲ್ಲಿ ಹೆಲ್ಮ್‌ಹೋಲ್ಟ್ಸನು ಕಪ್ಪೆಯ ಕಾಲಿನಲ್ಲಿ ಅದನ್ನು ಅಳೆದೇ ಬಿಟ್ಟನು. ಇಷ್ಟಾದರೂ ಭಿನ್ನಾಭಿಪ್ರಾಯಕ್ಕಾಗಿ ಶಿಷ್ಯರನ್ನು ತುಳಿಯುವ ಸಣ್ಣತನವು ಆತನಲ್ಲಿರಲಿಲ್ಲ.

1848ರ ಕ್ರಾಂತಿಯ ದಿನಗಳಲ್ಲಿ ಮ್ಯೂಲರನು ಬರ್ಲಿನ್ ವಿಶ್ವವಿದ್ಯಾಲಯದ ರೆಕ್ಟರ್ ಆಗಿದ್ದನು. ಬೀದಿಯಲ್ಲಿ ಗುಂಡು, ಒಳಗೆ ಶಸ್ತ್ರ ಹಿಡಿದ ವಿದ್ಯಾರ್ಥಿಗಳು, ಮೇಲೆ ಸರಕಾರ. ನಡುವೆ ತಾನು ಪ್ರಾಣದಂತೆ ಕೂಡಿಸಿದ್ದ ಅಂಗರಚನೆಯ ಸಂಗ್ರಹಾಲಯ. ಈ ಇಕ್ಕಟ್ಟು ಅವನನ್ನು ಮತ್ತೆ ಕಂಗೆಡಿಸಿತು. ನಗರದಿಂದ ದೂರವಾಗಿ ಕಡಲ ತೀರದಲ್ಲಿ ಮಾತ್ರ ಅವನಿಗೆ ನೆಮ್ಮದಿ. ಆ ಮೊದಲೇ, 1840ರ ದಶಕದ ನಡುವಿನಿಂದ, ರಜೆ ಬಂದೊಡನೆ ಕೆಲವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಡಲಿಗೆ ಓಡುವುದು ಅವನ ರೂಢಿಯಾಗಿದ್ದಿತು. ನವುರಾದ ಬಟ್ಟೆಯ ಬಲೆಯನ್ನು ನೀರಿನ ಮೇಲೆ ಎಳೆದು, ಬರಿಗಣ್ಣಿಗೆ ಕಾಣದ ಜೀವಿಗಳನ್ನು ಸೋಸಿ, ಸೂಕ್ಷ್ಮದರ್ಶಕದ ಕೆಳಗಿಡುತ್ತಿದ್ದನು. ನಕ್ಷತ್ರಮೀನು, ಕಡಲಸೌತೆ ಮೊದಲಾದ ಕಂಟಕಚರ್ಮಿಗಳ ಮರಿಗಳು ತಾಯಿಯನ್ನು ಎಳ್ಳಷ್ಟೂ ಹೋಲದೆ, ಎಡಬಲಗಳುಳ್ಳ ಬೇರೆಯೇ ರೂಪದಲ್ಲಿ ತೇಲುತ್ತವೆಂದೂ ಆಮೇಲೆ ರೂಪಾಂತರ ಹೊಂದುತ್ತವೆಂದೂ ಹಂತಹಂತವಾಗಿ ತೋರಿಸಿದವನು ಮ್ಯೂಲರನೇ. ರೂಪವನ್ನು ನಂಬಿ ಕುಲವನ್ನು ಹೇಳಬಾರದೆಂಬ ಪಾಠವನ್ನು ಅವನಷ್ಟು ಬಲ್ಲವರು ಆಗ ಯಾರೂ ಇರಲಿಲ್ಲ. ಆದರೂ 1851ರಲ್ಲಿ ಕಡಲು ಅವನನ್ನೇ ಬೆಚ್ಚಿಬೀಳಿಸಿತು.

ಆ ವರ್ಷ ಆತನು ಏಡ್ರಿಯಾಟಿಕ್ ಸಮುದ್ರದ ಟ್ರೀಸ್ಟ್ ರೇವಿನಲ್ಲಿದ್ದನು. ಅಲ್ಲಿಯ ಕೆಸರಿನಲ್ಲಿ ಸಿನಾಪ್ಟಾ ಎಂಬ ಕಡಲಸೌತೆಯ ಜಾತಿಯೊಂದು ವಾಸಿಸುತ್ತದೆ. ಎರೆಹುಳುವಿನಂತೆ ಉದ್ದನೆಯ, ತೆಳುಚರ್ಮದ ಪ್ರಾಣಿ. ಮುಟ್ಟಿದರೆ ತನ್ನನ್ನು ತಾನೇ ತುಂಡುತುಂಡಾಗಿ ಮುರಿದುಕೊಳ್ಳುವ ಸ್ವಭಾವ. ಇವುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದಾಗ ಕೆಲವೇ ಕೆಲವು ಪ್ರಾಣಿಗಳ ಒಡಲಿನಲ್ಲಿ ವಿಚಿತ್ರವಾದ ಒಂದು ನಳಿಗೆ ಕಂಡಿತು. ಸುರುಳಿ ಸುತ್ತಿದ ಆ ನಳಿಗೆಯ ಒಂದು ತುದಿಯು ಕರುಳಿನ ರಕ್ತನಾಳಕ್ಕೆ ಭದ್ರವಾಗಿ ಅಂಟಿಕೊಂಡಿದ್ದಿತು. ಇನ್ನೊಂದು ತುದಿ ಒಡಲಿನ ಪೊಳ್ಳಿನಲ್ಲಿ ತೂಗಾಡುತ್ತಿದ್ದಿತು. ಅದಕ್ಕೆ ತಲೆಯಿಲ್ಲ, ಕಣ್ಣಿಲ್ಲ, ಕಾಲಿಲ್ಲ, ಚಿಪ್ಪಿಲ್ಲ. ನೋಡಿದವರು ಅದನ್ನು ಕಡಲಸೌತೆಯದೇ ಒಂದು ಅಂಗವೆಂದು ತಿಳಿಯುವಂತಿದ್ದಿತು. ಆದರೆ ಅದನ್ನು ಬಿಡಿಸಿದಾಗ ಒಳಗೆ ಮೊಟ್ಟೆಗಳು. ಆ ಮೊಟ್ಟೆಗಳೊಳಗೆ ಮರಿಗಳು. ಮರಿಗಳ ಬೆನ್ನಿನ ಮೇಲೆ ಸುರುಳಿ ಸುತ್ತಿದ, ಬಾಯಿಗೆ ಮುಚ್ಚಳವಿದ್ದ ಪುಟ್ಟ ಶಂಖಗಳು! ಸಂದೇಹಕ್ಕೆ ಎಡೆಯೇ ಇಲ್ಲದಂತೆ ಅವು ಬಸವನಹುಳುವಿನ ಕುಲದ ಮರಿಗಳು.

ಈ ದೃಶ್ಯದ ಗಾಂಭೀರ್ಯವನ್ನು ನಾವು ಇಂದು ಊಹಿಸುವುದು ಸುಲಭವಲ್ಲ. ಬೇವಿನ ಮರದ ಹಣ್ಣನ್ನು ಒಡೆದಾಗ ಒಳಗೆ ಗುಬ್ಬಿಯ ಮರಿ ಕಂಡರೆ ಹೇಗೋ ಹಾಗೆ. ಕಂಟಕಚರ್ಮಿಗಳು ಒಂದು ವಂಶ, ಮೃದ್ವಂಗಿಗಳು ಬೇರೊಂದು ವಂಶ. ಒಂದೇ ಜಾತಿಯಲ್ಲಿ ತಾಯಿ ಒಂದು ರೂಪ, ಮಗಳು ಇನ್ನೊಂದು ರೂಪವಾಗಿ ಪೀಳಿಗೆಗಳು ಸರದಿಯಂತೆ ಬರುವುದನ್ನು ಡೆನ್ಮಾರ್ಕಿನ ಸ್ಟೀನ್‌ಸ್ಟ್ರುಪ್ 1842ರಲ್ಲಿ ತೋರಿಸಿಕೊಟ್ಟಿದ್ದನು. ಆದರೆ ಒಂದು ವಂಶದ ಒಡಲಿನಿಂದ ಇನ್ನೊಂದು ವಂಶವು ಹುಟ್ಟುವುದೆಂದರೆ ವರ್ಗೀಕರಣವೆಂಬ ಕಟ್ಟಡದ ಬುನಾದಿಯೇ ಅಲುಗಿದಂತೆ. ಮ್ಯೂಲರನ ಮುಂದೆ ಎರಡು ದಾರಿಗಳಿದ್ದವು. ಆ ನಳಿಗೆಯೇ ಒಂದು ಶಂಖಪ್ರಾಣಿ, ಪರೋಪಜೀವಿಯಾಗಿ ತನ್ನ ಅಂಗಗಳನ್ನೆಲ್ಲ ಕಳೆದುಕೊಂಡಿದೆ ಎನ್ನುವುದು ಒಂದು. ನಳಿಗೆಯು ಕಡಲಸೌತೆಯ ಅಂಗವೇ ಆಗಿದ್ದು ಅದರಿಂದಲೇ ಶಂಖಗಳು ಹುಟ್ಟುತ್ತಿವೆ ಎನ್ನುವುದು ಇನ್ನೊಂದು. ಪ್ರಾಣಿಯ ಲಕ್ಷಣವೊಂದೂ ಇಲ್ಲದ ನಳಿಗೆಯನ್ನು ಪ್ರಾಣಿಯೆನ್ನಲು, ಕಂಡಷ್ಟನ್ನೇ ಹೇಳುವ ಆತನ ಶಿಸ್ತು ಒಪ್ಪಲಿಲ್ಲ. ಕಡಲಸೌತೆಯು ಶಂಖವನ್ನು ಹೆರುತ್ತದೆ ಎನ್ನಲು ಆತನ ಜೀವಮಾನದ ವಿದ್ಯೆಯು ಒಪ್ಪಲಿಲ್ಲ.

ಸಾಮಾನ್ಯನಾಗಿದ್ದರೆ ಏನು ಮಾಡುತ್ತಿದ್ದನು? ಸಾವಿರಾರು ಪ್ರಾಣಿಗಳಲ್ಲಿ ಕೆಲವೇ ಕೆಲವು ಹೀಗಿವೆ. ಇವನ್ನು ಕಸದ ಬುಟ್ಟಿಗೆ ಎಸೆದರೆ ಕೇಳುವವರಾರು? ಕೀರ್ತಿಯ ಶಿಖರದಲ್ಲಿದ್ದ ಐವತ್ತು ವರ್ಷದ ಪ್ರಾಧ್ಯಾಪಕನಿಗೆ ನಗೆಪಾಟಲಾಗುವ ಭಯವೂ ಸಹಜವೇ. ಮ್ಯೂಲರನು ಹಾಗೆ ಮಾಡಲಿಲ್ಲ. ಕಂಡುದನ್ನು ಕಂಡಂತೆ ಚಿತ್ರಸಮೇತವಾಗಿ ಬರೆದು, ಎರಡು ದಾರಿಗಳನ್ನೂ ತೂಗಿ, ಎರಡರ ತೊಡಕುಗಳನ್ನೂ ಒಪ್ಪಿಕೊಂಡು, 1852ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಆ ಶಂಖಕ್ಕೆ ಎಂಟೊಕಾಂಕಾ ಮಿರಾಬಿಲಿಸ್ ಎಂದು ಹೆಸರಿಟ್ಟನು. ಒಳಗಿರುವ ಅದ್ಭುತ ಶಂಖ ಎಂದು ಅದರ ಅರ್ಥ. ಸಮಸ್ಯೆಯು ಬಗೆಹರಿಯಲಿಲ್ಲ, ಅದು ಆತನ ಮನಸ್ಸನ್ನು ಕೊರೆಯುತ್ತಲೇ ಉಳಿಯಿತು.

ಮುಂದಿನ ಕಥೆ ದುಃಖದ್ದು. 1854ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲೆ ಪದಕವಿತ್ತು ಗೌರವಿಸಿತು. ಮರುವರ್ಷವೇ ನಾರ್ವೆಯಿಂದ ಮರಳುವಾಗ ಆತನಿದ್ದ ಹಡಗು ಬೇರೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. ತೇಲುತ್ತಿದ್ದ ಮುರುಕನ್ನು ಹಿಡಿದು ಮ್ಯೂಲರನು ಬದುಕಿದನು. ಜೊತೆಗಿದ್ದ ತರುಣ ಶಿಷ್ಯನೊಬ್ಬನು ನೀರುಪಾಲಾದನು. ತಾನು ಕರೆದುಕೊಂಡು ಹೋದ ಹುಡುಗನನ್ನು ಮರಳಿ ತರಲಾಗಲಿಲ್ಲವೆಂಬ ಕೊರಗು ಆತನನ್ನು ಬಿಡಲಿಲ್ಲ. ನಿದ್ರೆ ಹೋಯಿತು. 1858ರ ಏಪ್ರಿಲ್ 28ರ ಬೆಳಗ್ಗೆ ಬರ್ಲಿನ್ನಿನ ಮನೆಯಲ್ಲಿ ಹಾಸಿಗೆಯ ಮೇಲೆಯೇ ನಿರ್ಜೀವನಾಗಿದ್ದನು. ವಯಸ್ಸು 56. ಶವಪರೀಕ್ಷೆ ನಡೆಯಲಿಲ್ಲವಾದುದರಿಂದ ಕಾರಣವು ಇತ್ಯರ್ಥವಾಗದೆ ಉಳಿಯಿತು. ತಾನೇ ಪ್ರಾಣ ಕಳೆದುಕೊಂಡನೆಂದು ಶಂಕಿಸಿದ ಶಿಷ್ಯರೂ ಉಂಟು.

ಮರುವರ್ಷ, 1859ರಲ್ಲಿ, ಡಾರ್ವಿನ್ನನ ಗ್ರಂಥವು ಬಂದಿತು. ಮ್ಯೂಲರನು ಅದನ್ನು ಓದಿದ್ದರೆ! ಜೀವಿಗಳು ಬದಲಾಗುತ್ತವೆ, ಬೇಡವಾದ ಅಂಗವು ಪೀಳಿಗೆಯಿಂದ ಪೀಳಿಗೆಗೆ ಕ್ಷೀಣಿಸಿ ಹೋಗಬಹುದು ಎಂಬ ಬೀಗದ ಕೈ ಅದರಲ್ಲಿದ್ದಿತು. 1864ರಲ್ಲಿ ಆಲ್ಬರ್ಟ್ ಬೌರ್ ಎಂಬಾತನು ಅದೇ ಸಿನಾಪ್ಟಾವನ್ನು ಮತ್ತೆ ಪರೀಕ್ಷಿಸಿ, ಆ ನಳಿಗೆಯೇ ಶಂಖಪ್ರಾಣಿಯೆಂದು ವಾದಿಸಿದನು. 1902ರಲ್ಲಿ ನಾರ್ವೆಯ ಕ್ರಿಸ್ಟೀನ್ ಬೊನೆವಿ ಎಂಬ ವಿದುಷಿಯು ಇದೇ ಬಗೆಯ ಇನ್ನೊಂದು ಜೀವಿಯನ್ನು ಬೇರೊಂದು ಕಡಲಸೌತೆಯಲ್ಲಿ ಕಂಡು ವಿವರಿಸಿದಳು. ಮುಂದೆ ಆಕೆಯೇ ನಾರ್ವೆಯ ಪ್ರಥಮ ಮಹಿಳಾ ಪ್ರಾಧ್ಯಾಪಕಿಯಾದಳು. ಇಂತಹ ನಳಿಗೆಯೊಳಗೆ ವೃಷಣವೆಂದು ಎಲ್ಲರೂ ನಂಬಿದ್ದುದು ಅಂಗವೇ ಅಲ್ಲ, ಹೆಣ್ಣಿನೊಳಗೆ ಸೇರಿಕೊಂಡು ಕುಗ್ಗಿಹೋದ ಗಂಡು ಪ್ರಾಣಿ ಎಂಬುದನ್ನು ಡೆನ್ಮಾರ್ಕಿನ ಯೋರ್ಗನ್ ಲ್ಯುಟ್ಸೆನ್ 1960 ಮತ್ತು 70ರ ದಶಕಗಳಲ್ಲಿ ಸ್ಪಷ್ಟಪಡಿಸಿದನು. ಕಡಲಸೌತೆಯೊಳಗೆ ಹೆಣ್ಣು, ಹೆಣ್ಣಿನೊಳಗೆ ಗಂಡು!

ಇಂದು ಈ ಅದ್ಭುತ ಶಂಖವನ್ನು ಯೂಲಿಮಿಡೆ ಎಂಬ ಕುಟುಂಬದಲ್ಲಿ ಸೇರಿಸುತ್ತಾರೆ. ಸಾವಿರಕ್ಕೂ ಮಿಕ್ಕ ಜಾತಿಗಳಿರುವ ಈ ಕುಟುಂಬದ ಬಹುಪಾಲು ಸದಸ್ಯರು ಕೆಲವೇ ಮಿಲಿಮೀಟರ್ ಉದ್ದದವು, ಗಾಜಿನಂತೆ ಹೊಳೆಯುವ ಸೂಜಿಮೊನೆಯ ಚಿಪ್ಪಿನವು. ಕೆಲವು ಕಂಟಕಚರ್ಮಿಗಳ ಮೇಲೆ ಕ್ಷಣಕಾಲ ಕುಳಿತು ಹೀರಿ ಹೋಗುತ್ತವೆ, ಕೆಲವು ಅಲ್ಲಿಯೇ ಅಂಟಿಕೊಳ್ಳುತ್ತವೆ, ಕೆಲವು ಚರ್ಮದೊಳಗೆ ಹುದುಗುತ್ತವೆ, ಎಂಟೊಕಾಂಕಾದಂತಹವು ಒಡಲನ್ನೇ ಹೊಕ್ಕು ಎಲ್ಲವನ್ನೂ ತೊರೆಯುತ್ತವೆ. ಈ ಮೆಟ್ಟಿಲುಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಮ್ಯೂಲರನನ್ನು ಕಾಡಿದ ಒಗಟು ತಾನಾಗಿ ಬಿಚ್ಚಿಕೊಳ್ಳುತ್ತದೆ. 1980ರ ದಶಕದಲ್ಲಿ ಸ್ವೀಡನ್ನಿನ ಆಂಡರ್ಸ್ ವಾರೆನ್ ಈ ಕುಟುಂಬದ ಕುಲಗಳನ್ನೆಲ್ಲ ಪರಿಷ್ಕರಿಸಿದನು. ಈಚೆಗೆ ಡಿಎನ್‌ಎ ಪರೀಕ್ಷೆಯೂ ಎಂಟೊಕಾಂಕಾದ ಬಳಗವನ್ನು ಇದೇ ಮನೆಗೆ ತಂದು ಸೇರಿಸಿದೆ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಬಸವನಹುಳುಗಳನ್ನು ಅವುಗಳ ನಾಲಿಗೆಯ ಮೇಲಿನ ಹಲ್ಲಿನ ಪಟ್ಟಿಯಿಂದ ವಿಂಗಡಿಸುವ ಕ್ರಮಕ್ಕೆ ಬಲ ಕೊಟ್ಟವನು ಟ್ರೋಶೆಲ್. ಆತನು 1842ರಲ್ಲಿ ಮ್ಯೂಲರನೊಡನೆ ಕೂಡಿ ನಕ್ಷತ್ರಮೀನುಗಳ ವರ್ಗೀಕರಣದ ಗ್ರಂಥವನ್ನು ಬರೆದವನೇ. ಯೂಲಿಮಿಡೆಗಳಲ್ಲಿ ಬಹುಪಾಲಿಗೆ ಈ ಹಲ್ಲಿನ ಪಟ್ಟಿಯಿಲ್ಲ. ಪಿರಮಿಡೆಲ್ಲಿಡೆ ಎಂಬ ಮತ್ತೊಂದು ಕುಟುಂಬದ ಪರೋಪಜೀವಿ ಶಂಖಗಳಿಗೂ ಇಲ್ಲ. ಆದಕಾರಣ ಎರಡನ್ನೂ ಬಹುಕಾಲ ಅಣ್ಣತಮ್ಮಂದಿರಂತೆ ಒಂದೇ ಪಂಕ್ತಿಯಲ್ಲಿ ಕೂಡಿಸಿದ್ದರು. 1949ರಲ್ಲಿ ಇಂಗ್ಲೆಂಡಿನ ವೆರಾ ಫ್ರೆಟ್ಟರ್ ಮತ್ತು ಅಲಸ್ಟೇರ್ ಗ್ರಹಾಂ ಎಂಬ ವಿದ್ವಾಂಸರು ಒಳರಚನೆಯನ್ನು ನೋಡಿ, ಪಿರಮಿಡೆಲ್ಲಿಡೆಗಳು ಬೇರೆಯೇ ಶಾಖೆಯವೆಂದು ತೋರಿಸಿದರು. ಇಬ್ಬರಲ್ಲಿ ಒಂದು ವಸ್ತು ಇಲ್ಲವೆಂದ ಮಾತ್ರಕ್ಕೆ ಅವರು ಬಂಧುಗಳಾಗುವುದಿಲ್ಲ.

ಈಗ ನನ್ನ ಮಾತು. ನಮ್ಮ ತರಗತಿಯವರನ್ನು ಜೇವರ್ಗಿ ತಾಲೂಕಿನ ಒಂದು ಹಳ್ಳಿಗೆ ಕುಟುಂಬಗಳ ಸಮೀಕ್ಷೆಗಾಗಿ ಕಳುಹಿಸಿದ್ದರು. ನನ್ನ ನಮೂನೆಯಲ್ಲಿ ಭೂಮಿಯುಳ್ಳವರು, ಕೂಲಿಯವರು, ಅವಲಂಬಿತರು ಎಂಬ ಮೂರು ಕಲಮುಗಳಿದ್ದವು. ಒಂದು ಮನೆಯಲ್ಲಿ ಮುದುಕಿಯೊಬ್ಬಳಿದ್ದಳು. ಆ ಮನೆಯವರಿಗೆ ರಕ್ತಸಂಬಂಧಿಯಲ್ಲ, ಜಾತಿಯವಳೂ ಅಲ್ಲ. ಬರಗಾಲದ ವರ್ಷ ಬಂದು ಉಳಿದವಳು. ಪುಕ್ಕಟೆ ಉಣ್ಣುತ್ತಾಳೆಂದು ನೆರೆಯವರು ಆಡಿಕೊಂಡರು. ಯಾವ ಕಲಮಿಗೂ ಆಕೆಯು ಹೊಂದಲಿಲ್ಲ. ಹೊತ್ತು ಇಳಿಯುತ್ತಿದ್ದಿತು, ಬಸ್ಸಿನ ಚಿಂತೆಯಿದ್ದಿತು. ಆರು ಮಂದಿಯ ಮನೆಯನ್ನು ಐದು ಮಂದಿಯದೆಂದು ಬರೆದು ಮುಗಿಸಿದೆನು. ಲೆಕ್ಕವು ಚೊಕ್ಕಟವಾಯಿತು. ಗುರುಗಳು ಮೆಚ್ಚಿದರು.

ಮ್ಯೂಲರನ ಚರಿತ್ರೆಯನ್ನು ಓದಿದ ರಾತ್ರಿ ಆ ಐದು ಎಂಬ ಅಂಕೆಯು ನನ್ನನ್ನು ಚುಚ್ಚಿತು. ಮರುದಿನ ಗುರುಗಳಲ್ಲಿ ತಪ್ಪನ್ನೊಪ್ಪಿಕೊಂಡು, ಮುಂದಿನ ಭಾನುವಾರ ಅಕ್ಕನ ಊರಿನ ನೆಪದಲ್ಲಿ ಆ ಹಳ್ಳಿಗೆ ಹೋದೆನು. ವಿಚಾರಿಸಿದಾಗ ತಿಳಿದುಬಂದುದಿಷ್ಟು: ಆ ಮನೆಯ ತಾಯಿ ಸತ್ತಾಗ ಎರಡು ಎಳೆಗೂಸುಗಳನ್ನು ಸಾಕಿದವಳು ಈಕೆ. ಈಗಲೂ ತಿಂಗಳು ತಿಂಗಳು ಬರುವ ಆಕೆಯ ವೃದ್ಧಾಪ್ಯ ವೇತನದಿಂದಲೇ ಆ ಮನೆಯ ಉಪ್ಪು ಎಣ್ಣೆ ನಡೆಯುತ್ತದೆ. ಯಾರು ಯಾರ ಆಸರೆಯಲ್ಲಿ ಬದುಕಿದ್ದಾರೆಂದು ನನ್ನ ಕಲಮು ಹೇಳಲಾರದು. ಮನುಷ್ಯರನ್ನು ಶಂಖದ ಹುಳುಗಳಿಗೆ ಹೋಲಿಸುವ ಅವಿವೇಕವು ನನ್ನದಲ್ಲ. ಹೋಲಿಕೆಯಿರುವುದು ನೋಡುವವನ ಕರ್ತವ್ಯದಲ್ಲಿ ಮಾತ್ರ. ಬೇರೊಂದು ಹಾಳೆಯಲ್ಲಿ ಆಕೆಯ ಸಂಗತಿಯನ್ನು ಬರೆದು, ಯಾವ ಕಲಮಿಗೆ ಸೇರಿಸಬೇಕೋ ತಿಳಿಯದೆಂದು ಕೆಳಗೆ ಸಹಿ ಹಾಕಿ ಕೊಟ್ಟೆನು. ಗುರುಗಳು ಅದನ್ನು ವರದಿಯ ಕೊನೆಗೆ ಹೊಲಿಸಿದರು.

ಮ್ಯೂಲರನಿಗೆ ತನ್ನ ಒಗಟಿನ ಉತ್ತರವು ದೊರೆಯಲಿಲ್ಲ. ಆದರೂ ಆತನು ಒಗಟನ್ನು ಬಚ್ಚಿಡದೆ ಬರೆದಿಟ್ಟುದರಿಂದ ಬಳಿಕ ಬಂದವರಿಗೆ ಹುಡುಕುವ ದಾರಿ ಉಳಿಯಿತು. ಸಂಗಮದ ಊರಾದ ಕೊಬ್ಲೆಂಟ್ಸಿನಲ್ಲಿ ಆತನ ಪ್ರತಿಮೆಯಿದೆಯಂತೆ. ನಾನು ಅದನ್ನು ನೋಡುವ ಯೋಗವುಂಟೋ ಇಲ್ಲವೋ. ಈ ಬೇಸಿಗೆಯಲ್ಲಿ ಭೀಮೆಯ ನೀರು ಇಳಿದಾಗ ಮರಳಿನಲ್ಲಿ ಸಿಕ್ಕುವ ಶಂಖದ ಚಿಪ್ಪುಗಳನ್ನು ಮಾತ್ರ, ಮೊದಲಿನಂತೆ ಕಾಲಿನಿಂದ ಒದೆಯದೆ, ಕೈಗೆತ್ತಿಕೊಂಡು ನೋಡುವೆನು.